ಆಕಾಶಕ್ಕೆ ಬಣ್ಣ ಬಳಿದವರು ಯಾರು?

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಜ್ಜಾಯದ ಫೋಟೊಗಿಂತ ಮೊದಲು ಭಾರತದ ಭೂಪಟವೊಂದು ಬಂದು ಬೀಳುತ್ತದೆ. ಕಪ್ಪು ಹಿನ್ನೆಲೆ, ಅದರ ಮೇಲೆ ಬಿಳಿ, ನೀಲಿ, ಹಸಿರು, ಕೆಂಪು ಚುಕ್ಕೆಗಳನ್ನು ಎರಚಿದಂತೆ. ಕೆಳಗೆ ‘ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ಕಂಡ ನಮ್ಮ ದೇಶ’ ಎಂಬ ಒಕ್ಕಣೆ. ಕಳಿಸುವವರು ನಮ್ಮ ಸೋದರಮಾವ. ‘ಮಾವ, ಅದು ದೀಪಾವಳಿಯದ್ದಲ್ಲ’ ಅಂತ ನಾನು ಬರೆಯುತ್ತೇನೆ. ಅವರು ಕೈಮುಗಿದ ಗುರುತು ಹಾಕಿ ಸುಮ್ಮನಾಗುತ್ತಾರೆ. ಮರುವರ್ಷ ಮತ್ತೆ ಅದೇ.

ಆ ಚಿತ್ರದ ಅಸಲು ಕಥೆಯೇ ಬೇರೆ. ಅಮೆರಿಕದ ಸೇನಾ ಹವಾಮಾನ ಉಪಗ್ರಹಗಳು ಹಲವು ವರ್ಷ ಹಿಡಿದಿಟ್ಟ ರಾತ್ರಿ ಬೆಳಕಿನ ಮಾಹಿತಿಯನ್ನು ಒಂದರ ಮೇಲೊಂದು ಜೋಡಿಸಿ, ಅಲ್ಲಿನ ನೋವಾ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಜ್ 2003ರಲ್ಲಿ ಅದನ್ನು ಸಿದ್ಧಪಡಿಸಿದರು. ಬಿಳಿ ಎಂದರೆ ಮೊದಲಿನಿಂದಲೂ ದೀಪವಿದ್ದ ಜಾಗ. ನೀಲಿ 1992ರಲ್ಲಿ, ಹಸಿರು 1998ರಲ್ಲಿ, ಕೆಂಪು 2003ರಲ್ಲಿ ಹೊಸದಾಗಿ ಬೆಳಕು ಕಂಡ ಜಾಗ. ಊರುಗಳು ಬೆಳೆದ ಲೆಕ್ಕ ಅದು. ಪಟಾಕಿಗೂ ಹಣತೆಗೂ ಅಲ್ಲಿ ಕೆಲಸವಿಲ್ಲ. ದೀಪಾವಳಿಯ ಹೆಚ್ಚುವರಿ ಬೆಳಕು ಅಷ್ಟು ಎತ್ತರದಿಂದ ಗುರುತೇ ಸಿಗದಷ್ಟು ಕಡಿಮೆ ಎಂದು 2012ರಲ್ಲಿ ನಾಸಾ ಹೇಳಿದ್ದೂ ಆಯಿತು. ಚಿತ್ರದಲ್ಲಿ ತಪ್ಪಿಲ್ಲ, ಬಣ್ಣದಲ್ಲೂ ತಪ್ಪಿಲ್ಲ, ತಪ್ಪಿದ್ದು ಓದುವುದರಲ್ಲಿ. ಹಬಲ್, ವೆಬ್ ದೂರದರ್ಶಕಗಳ ಚಿತ್ರಗಳ ಸುತ್ತ ಹುಟ್ಟಿಕೊಂಡ ಎಷ್ಟೋ ಮಾತುಗಳಿಗೂ ಇದೇ ಕಾಯಿಲೆ.

‘ಆ ಬಣ್ಣವೆಲ್ಲ ಕಂಪ್ಯೂಟರಿನಲ್ಲಿ ಬಳಿದದ್ದು’

ಆಕಾಶ ನೋಡುವ ಹುಚ್ಚಿರುವ ಯಾರನ್ನೇ ಕೇಳಿ, ಅತಿ ಹೆಚ್ಚು ಎದುರಾಗುವ ಮಾತು ಇದು. ಬಣ್ಣವನ್ನು ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ ಎಂಬುದು ನಿಜ. ಹಬಲ್‌ನ ಕ್ಯಾಮೆರಾ ಬಣ್ಣವನ್ನು ಹಿಡಿಯುವುದೇ ಇಲ್ಲ, ಎಷ್ಟು ಬೆಳಕು ಬಿತ್ತು ಎಂದಷ್ಟೇ ಎಣಿಸುತ್ತದೆ. ಬರುವುದು ಕಪ್ಪು-ಬಿಳುಪು ಚಿತ್ರ. ಆದರೆ ನಿಮ್ಮ ಜೇಬಿನಲ್ಲಿರುವ ಮೊಬೈಲ್ ಕ್ಯಾಮೆರಾದ ಹಣೆಬರಹವೂ ಇದೇ. ಅದರ ಒಂದೊಂದು ಕಣಕ್ಕೂ ಬಣ್ಣ ತಿಳಿಯದು. ಪ್ರತಿ ಕಣದ ಮೇಲೂ ಕೆಂಪು, ಹಸಿರು, ನೀಲಿ ಸೋಸುಗಗಳಲ್ಲಿ ಒಂದನ್ನು ಕೂರಿಸಿರುತ್ತಾರೆ, ಮೂರನ್ನೂ ಕೂಡಿಸಿ ಬಣ್ಣ ಕಟ್ಟುವುದು ಒಳಗಿನ ಲೆಕ್ಕ. ಹಬಲ್‌ನಲ್ಲಿ ಸೋಸುಗಗಳನ್ನು ಒಂದಾದ ಮೇಲೊಂದು ಹಾಕಿ ಬೇರೆ ಬೇರೆ ಚಿತ್ರ ತೆಗೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಗರುಡ ನೀಹಾರಿಕೆಯ ‘ಸೃಷ್ಟಿಯ ಕಂಬಗಳು’ ಚಿತ್ರವನ್ನೇ ತೆಗೆದುಕೊಳ್ಳಿ. 1995ರ ಏಪ್ರಿಲ್ 1ರಂದು ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಹಬಲ್‌ನಿಂದ ತೆಗೆಸಿದ್ದು ಅದು. ಮೂರು ಸೋಸುಗ ಬಳಸಿದರು. 502 ನ್ಯಾನೊಮೀಟರಿನದ್ದು ಆಮ್ಲಜನಕದ ಬೆಳಕು, 656ರದ್ದು ಜಲಜನಕದ್ದು, 673ರದ್ದು ಗಂಧಕದ್ದು. ಈಗ ಒಂದು ಪೇಚು ನೋಡಿ: ಜಲಜನಕದ ಬೆಳಕೂ ಕೆಂಪು, ಗಂಧಕದ ಬೆಳಕೂ ಕೆಂಪು. ಕಣ್ಣಿಗೆ ಕಾಣುವ ಹಾಗೆಯೇ ಬಣ್ಣ ಕೊಟ್ಟರೆ ಎರಡೂ ಕಲಸಿಕೊಂಡು ಯಾವ ಅನಿಲ ಎಲ್ಲಿದೆ ಎಂಬುದೇ ತಿಳಿಯದು. ಹಾಗಾಗಿ ತರಂಗಾಂತರ ಉದ್ದವಿರುವ ಗಂಧಕಕ್ಕೆ ಕೆಂಪು, ನಡುವಿನ ಜಲಜನಕಕ್ಕೆ ಹಸಿರು, ಗಿಡ್ಡನೆಯ ಆಮ್ಲಜನಕಕ್ಕೆ ನೀಲಿ ಕೊಟ್ಟರು. ಮಳೆಬಿಲ್ಲಿನ ಕ್ರಮ ತಪ್ಪಲಿಲ್ಲ, ನಡುವಿನ ಅಂತರವನ್ನಷ್ಟೇ ಹಿಗ್ಗಿಸಿದರು.

ವೆಬ್‌ನ ಮಾತು ಇನ್ನೂ ಸ್ವಾರಸ್ಯದ್ದು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 0.4ರಿಂದ 0.7 ಮೈಕ್ರಾನ್‌ವರೆಗಿನ ಬೆಳಕು. ವೆಬ್ ಶುರು ಮಾಡುವುದೇ 0.6ರಿಂದ, ಹೋಗುವುದು 28ರವರೆಗೆ. ಅದು ನೋಡುವ ಅವಕೆಂಪು ಕಿರಣಗಳಿಗೆ ನಮ್ಮ ಭಾಷೆಯಲ್ಲಿ ಬಣ್ಣದ ಹೆಸರೇ ಇಲ್ಲ. ಮಂದ್ರದಲ್ಲಿ, ಕಿವಿಗೆ ನಿಲುಕದಷ್ಟು ಕೆಳಗೆ ಯಾರೋ ಹಾಡುತ್ತಿದ್ದಾರೆ ಎಂದುಕೊಳ್ಳಿ. ಶ್ರುತಿ ಏರಿಸಿ ಕೇಳಿಸಿದರೆ ರಾಗ ಬದಲಾಗುತ್ತದೆಯೇ? ಸ್ವರಸ್ವರದ ನಡುವಿನ ನಂಟು ಹಾಗೇ ಇರುತ್ತದೆ. ವೆಬ್ ಚಿತ್ರಗಳಿಗೆ ಬಣ್ಣ ಕೊಡುವವರು ಮಾಡುವುದು ಇಷ್ಟು. ಚಂದಕ್ಕಾಗಿ ಒಂದಿಷ್ಟು ಹದ ಮಾಡುತ್ತಾರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲಿ ಎಷ್ಟು ಕಾಂತಿ ಹೆಚ್ಚಿಸಬೇಕು ಎಂಬುದರಲ್ಲಿ ಕಲಾವಿದನ ಕೈ ಇದ್ದೇ ಇದೆ. ಇಲ್ಲದ ನಕ್ಷತ್ರವನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಅಂದ ಹಾಗೆ, ಆ 1995ರ ಚಿತ್ರದ ಮೂಲೆಯಲ್ಲಿ ಮೆಟ್ಟಿಲಿನಾಕಾರದ ಕಪ್ಪು ಜಾಗವಿದೆ. ಅಲ್ಲಿ ನಾಸಾ ಏನನ್ನೋ ಮುಚ್ಚಿಟ್ಟಿದೆ ಎಂದು ನನಗೆ ಬಹಳ ಗಂಭೀರವಾಗಿ ವಿವರಿಸಿದವರಿದ್ದಾರೆ. ಆಗಿನ ಕ್ಯಾಮೆರಾ ನಾಲ್ಕು ಭಾಗಗಳದ್ದು. ಒಂದು ಭಾಗ ಉಳಿದವಕ್ಕಿಂತ ಸೂಕ್ಷ್ಮವಾಗಿ ನೋಡುತ್ತಿತ್ತು. ಅದರ ಚಿತ್ರವನ್ನು ಉಳಿದವುಗಳ ಅಳತೆಗೆ ಇಳಿಸಿದಾಗ ಚಿಕ್ಕದಾಗಿ, ಪಕ್ಕದಲ್ಲಿ ಖಾಲಿ ಉಳಿಯಿತು. ಮುಚ್ಚಿಟ್ಟದ್ದು ಅಷ್ಟೇ.

‘ರಾಕೆಟ್ ಹತ್ತಿ ಹತ್ತಿರ ಹೋದರೆ ಹಾಗೇ ಕಾಣುತ್ತದೆ’

ಬಣ್ಣ ಸುಳ್ಳಲ್ಲ ಎಂದು ಒಪ್ಪಿಸಿದ ಕೂಡಲೇ ಜನ ಈ ಇನ್ನೊಂದು ತುದಿಗೆ ಜಿಗಿಯುತ್ತಾರೆ. ಡಿಸೆಂಬರಿನ ಒಂದು ರಾತ್ರಿ ನಮ್ಮ ತಾರಸಿಯಲ್ಲಿ ಪುಟ್ಟ ದೂರದರ್ಶಕ ಹೂಡಿ, ಮಹಾವ್ಯಾಧನ ಸೊಂಟಪಟ್ಟಿಯ ಕೆಳಗಿನ ನೀಹಾರಿಕೆಯನ್ನು ಪಕ್ಕದ ಮನೆಯ ಹುಡುಗನಿಗೆ ತೋರಿಸಿದೆ. ನೋಡಿದವನು ಕಣ್ಣು ತೆಗೆದು, ‘ಅಂಕಲ್, ಹೊಗೆ ಥರ ಇದೆ. ಇಷ್ಟೇನಾ?’ ಅಂದ. ಅವನು ನಿರೀಕ್ಷಿಸಿದ್ದು ಗುಲಾಬಿ ಬಣ್ಣದ ಮೋಡ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣದ ಅರಿವಿಲ್ಲ. ಬೆಳದಿಂಗಳಲ್ಲಿ ದಾಸವಾಳ ಕಪ್ಪಾಗಿ ಕಾಣುವುದೂ ಅದಕ್ಕೇ.

ಹತ್ತಿರ ಹೋದರೆ? ನೀಹಾರಿಕೆಯಿಂದ ನಮ್ಮ ಕಣ್ಣಿಗೆ ಬರುವ ಒಟ್ಟು ಬೆಳಕೇನೋ ಹೆಚ್ಚುತ್ತದೆ, ಆದರೆ ಅದು ಆಕಾಶದಲ್ಲಿ ಅಷ್ಟೇ ಪಟ್ಟು ಅಗಲವಾಗಿ ಹರಡಿಕೊಳ್ಳುತ್ತದೆ. ಒಂದು ಅಂಗುಲ ಆಕಾಶಕ್ಕೆ ಬೀಳುವ ಕಾಂತಿ ಒಂದಿಷ್ಟೂ ಏರುವುದಿಲ್ಲ. ನಾವು ಕೂತಿರುವ ಕ್ಷೀರಪಥವನ್ನೇ ನೋಡಿ. ಅದರೊಳಗೇ ಇದ್ದೇವೆ, ಆದರೂ ಕಾರ್ಗತ್ತಲ ಊರಿನಲ್ಲೂ ಅದು ಕಾಣುವುದು ತೆಳು ಹಾಲಿನ ಹಾಗೆ. ಬಣ್ಣ ಬೇಕೆಂದರೆ ಬೆಳಕನ್ನು ಗಂಟೆಗಟ್ಟಲೆ ಕೂಡಿಡಬೇಕು, ಅದು ಕಣ್ಣಿಗೆ ಬಾರದ ವಿದ್ಯೆ. 2022ರ ಜುಲೈನಲ್ಲಿ ಬಿಡುಗಡೆಯಾದ ವೆಬ್‌ನ ಮೊದಲ ಚಿತ್ರಕ್ಕೆ ಹನ್ನೆರಡೂವರೆ ಗಂಟೆಯ ಬೆಳಕು ಬೇಕಾಯಿತು.

‘ನಕ್ಷತ್ರಗಳಿಗೆ ಮುಳ್ಳುಗಳಿವೆ’

ಇಲ್ಲ. ಹಬಲ್‌ನ ಮುಂಭಾಗದ ಪುಟ್ಟ ಕನ್ನಡಿಯನ್ನು ಹಿಡಿದಿಟ್ಟ ಕಡ್ಡಿಗಳ ಅಂಚಿಗೆ ಬೆಳಕು ಬಾಗಿ ನಾಲ್ಕು ಮುಳ್ಳು ಮೂಡುತ್ತವೆ. ವೆಬ್‌ನ ಆರೂವರೆ ಮೀಟರ್ ಕನ್ನಡಿ 18 ಷಟ್ಕೋನ ತುಂಡುಗಳದ್ದು, ಹಾಗಾಗಿ ಆರು ದೊಡ್ಡ ಮುಳ್ಳು, ಕಡ್ಡಿಯಿಂದಾಗಿ ಇನ್ನೆರಡು ಚಿಕ್ಕವು. ಮುಳ್ಳು ಎಣಿಸಿದರೆ ಚಿತ್ರ ಯಾರದ್ದೆಂದು ಹೇಳಿಬಿಡಬಹುದು. ಮದುವೆ ಮನೆಯಲ್ಲಿ ಪಕ್ಕದವರನ್ನು ಬೆರಗುಗೊಳಿಸಲು ಒಳ್ಳೆಯ ಉಪಾಯ.

‘ವೆಬ್ ಬಂದು ಮಹಾಸ್ಫೋಟ ಸುಳ್ಳಾಯಿತು’

2022ರ ಬೇಸಿಗೆ ಕಳೆದು ಕೆಲವೇ ತಿಂಗಳಿಗೆ ಈ ಸುದ್ದಿ ಹಬ್ಬಿತು, ಅದರ ಬೇರಿನಲ್ಲಿದ್ದ ಸಂಗತಿಗಳಲ್ಲಿ ಒಂದು ತಮಾಷೆಯ ಶೀರ್ಷಿಕೆ. ಆದಿಕಾಲದ ಗ್ಯಾಲಕ್ಸಿಗಳಲ್ಲಿ ತಟ್ಟೆಯಾಕಾರದವು ಎಣಿಸಿದ್ದಕ್ಕಿಂತ ಹೆಚ್ಚಿವೆ ಎಂದು ಬರೆದ ಸಂಶೋಧಕರು ತಮ್ಮ ಪ್ರಬಂಧಕ್ಕೆ ‘ಪ್ಯಾನಿಕ್! ಅಟ್ ದ ಡಿಸ್ಕ್ಸ್’ ಎಂದು ಹೆಸರಿಟ್ಟರು. ‘ಪ್ಯಾನಿಕ್! ಅಟ್ ದ ಡಿಸ್ಕೊ’ ಎಂಬ ಅಮೆರಿಕದ ರಾಕ್ ತಂಡದ ಹೆಸರಿನ ಮೇಲಿನ ಚೇಷ್ಟೆ ಅದು. ಆ ತಂಡ ಗೊತ್ತಿಲ್ಲದವರು ‘ವಿಜ್ಞಾನಿಗಳು ಗಾಬರಿಯಾಗಿದ್ದಾರೆ’ ಎಂದು ಓದಿಕೊಂಡರು!

ಮಹಾಸ್ಫೋಟವಾಗಿ ಸುಮಾರು 30 ಕೋಟಿ ವರ್ಷಗಳೊಳಗೇ ಇದ್ದ, ಊಹಿಸಿದ್ದಕ್ಕಿಂತ ಬೆಳಗುವ ಗ್ಯಾಲಕ್ಸಿಗಳನ್ನು ವೆಬ್ ಕಂಡಿರುವುದು ನಿಜ. ಗ್ಯಾಲಕ್ಸಿಗಳು ಅಷ್ಟು ಬೇಗ ಹೇಗೆ ಬಲಿತವು ಎಂಬುದು ದೊಡ್ಡ ಪ್ರಶ್ನೆ. ಮಗು ಬೇಗ ನಡೆಯಲು ಕಲಿತರೆ ಅದು ಹುಟ್ಟೇ ಇಲ್ಲ ಎನ್ನುತ್ತೇವೆಯೇ? ಇದರ ತದ್ವಿರುದ್ಧ ಮಾತೂ ಇದೆ, ವೆಬ್ ಮಹಾಸ್ಫೋಟವನ್ನೇ ನೋಡಿತು ಅಂತ. ಸ್ಫೋಟದ ನಂತರ ಸುಮಾರು 3.8 ಲಕ್ಷ ವರ್ಷ ವಿಶ್ವ ಬೆಳಕು ಹಾಯದ ಮಂಜಿನಂತಿತ್ತು. ಆ ಮಂಜಿನಾಚೆಗೆ ಯಾವ ಕನ್ನಡಿಯೂ ಇಣುಕಲಾರದು.

‘ಆ ನೀಲಿ ಗ್ರಹದ ಫೋಟೊ ನೋಡಿದ್ದೇನೆ’

2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ, ಭೂಮಿಯ ಮೇಲೆ ಕಡಲ ಸೂಕ್ಷ್ಮಜೀವಿಗಳು ಹೊರಬಿಡುವಂಥ ಅನಿಲದ ಸುಳಿವಿದೆ ಎಂದಿತು. ಪತ್ರಿಕೆ, ಟೀವಿಗಳಲ್ಲೆಲ್ಲ ಸಾಗರ ತುಂಬಿದ ಸುಂದರ ಗೋಳ ರಾರಾಜಿಸಿತು. ಅದು ಚಿತ್ರಕಾರರ ಕಲ್ಪನೆ. ವೆಬ್ ಆ ಗ್ರಹವನ್ನು ಒಂದು ಚುಕ್ಕೆಯಾಗಿಯೂ ಬೇರ್ಪಡಿಸಿ ನೋಡಿಲ್ಲ. ಗ್ರಹ ತನ್ನ ನಕ್ಷತ್ರದ ಎದುರು ಹಾಯುವಾಗ ಅದರ ವಾತಾವರಣದಲ್ಲಿ ಸೋಸಿ ಬಂದ ಬೆಳಕು ಎಲ್ಲೆಲ್ಲಿ ಕೊಂಚ ಕುಂದಿದೆ ಎಂದು ಅಳೆಯಿತು. ಸಿಕ್ಕಿದ್ದು ಏರುಪೇರಿನ ಒಂದು ಗೆರೆ. ಆ ಗೆರೆಯನ್ನು ಮತ್ತೆ ಲೆಕ್ಕ ಹಾಕಿದ ಬೇರೆ ತಂಡಗಳು ಸುಳಿವು ಗಟ್ಟಿಯಿಲ್ಲ ಎಂದಿವೆ. ಜೀವ ಸಿಕ್ಕಿತೆಂದು ಹೇಳುವ ಹಂತಕ್ಕೆ ಇದು ಬಂದಿಲ್ಲ.

ಚಿತ್ರ ಕಂಡ ತಕ್ಷಣ ನಂಬುವ ಚಾಳಿಯನ್ನು ಫ್ರಾನ್ಸಿನ ಭೌತವಿಜ್ಞಾನಿ ಎಟಿಯೆನ್ ಕ್ಲೈನ್ 2022ರಲ್ಲಿ ಚೆನ್ನಾಗಿಯೇ ಅಣಕಿಸಿದರು. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಗೋಳವೊಂದನ್ನು ಹಾಕಿ, ವೆಬ್ ತೆಗೆದ ಪ್ರಾಕ್ಸಿಮಾ ಸೆಂಟಾರಿ ನಕ್ಷತ್ರ ಎಂದರು. ಜನ ಮೆಚ್ಚಿ ಹಂಚಿದರು. ಅದು ಚೊರಿಸೊ ಎಂಬ ಮಾಂಸದ ತಿನಿಸಿನ ಒಂದು ಬಿಲ್ಲೆ. ಕ್ಷಮೆ ಕೇಳಬೇಕಾಯಿತು, ಪಾಪ.

‘ಇದೆಲ್ಲ ದೊಡ್ಡವರ ಕೆಲಸ, ನಮಗೇನಿದೆ?’

ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ 2007ರಲ್ಲಿ ‘ಗ್ಯಾಲಕ್ಸಿ ಜೂ’ ಯೋಜನೆಗಾಗಿ ಚಿತ್ರಗಳನ್ನು ವಿಂಗಡಿಸುತ್ತಿದ್ದಾಗ, ಒಂದು ಗ್ಯಾಲಕ್ಸಿಯ ಪಕ್ಕದಲ್ಲಿ ವಿಚಿತ್ರ ನೀಲಿ ಮಚ್ಚೆ ಕಂಡು ‘ಇದೇನು?’ ಎಂದು ಕೇಳಿದರು. ಯಾವ ವಿಜ್ಞಾನಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಈಗ ಆರಿಹೋಗಿರುವ ಒಂದು ಉಜ್ವಲ ಗ್ಯಾಲಕ್ಸಿ ಕೇಂದ್ರದ, ಅಂದರೆ ಕ್ವೇಸಾರ್‌ನ ಬೆಳಕು ತಾಗಿ ಹೊಳೆಯುತ್ತಿದ್ದ ಅನಿಲರಾಶಿ ಅದು. ಆಮ್ಲಜನಕದ ಹೊಳಪು ನೀಲಿಗೆಂದು ಇಟ್ಟ ಸೋಸುಗದಲ್ಲಿ ಸಿಕ್ಕಿದ್ದರಿಂದ ಮಚ್ಚೆ ನೀಲಿಯಾಗಿತ್ತು. ಬಣ್ಣವನ್ನು ಮನಸ್ಸಿಗೆ ಬಂದಂತೆ ಬಳಿದಿದ್ದರೆ ಆಕೆಗೆ ಅದು ಎದ್ದು ಕಾಣುತ್ತಲೇ ಇರಲಿಲ್ಲ.

ಗುರುಗ್ರಹವನ್ನು ಸುತ್ತುತ್ತಿರುವ ಜೂನೊ ನೌಕೆಯ ಕ್ಯಾಮೆರಾ ಚಿತ್ರಗಳನ್ನು ನಾಸಾ ಹಸಿಹಸಿಯಾಗಿಯೇ ಎಲ್ಲರ ಮುಂದಿಡುತ್ತದೆ. ನಾವು ಮೆಚ್ಚುವ ಸುಳಿಮೋಡಗಳ ಎಷ್ಟೋ ಚಿತ್ರಗಳು ಹವ್ಯಾಸಿಗಳ ಕೈಯಡುಗೆ. ಹಬಲ್, ವೆಬ್ ಮಾಹಿತಿ ಒಂದು ಅವಧಿಯ ನಂತರ ಯಾರಿಗಾದರೂ ಉಚಿತ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೊಸ್ಯಾಟ್‌ನ ಮಾಹಿತಿಯ ಭಂಡಾರವಂತೂ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲೇ ಇದೆ.

ನಾನೂ ಒಂದು ಭಾನುವಾರ ಸೃಷ್ಟಿಯ ಕಂಬಗಳ ಮೂರು ಕಪ್ಪು-ಬಿಳುಪು ಕಡತಗಳನ್ನು ಇಳಿಸಿಕೊಂಡು ಕೂತೆ. 502ಕ್ಕೆ ನೀಲಿ, 656ಕ್ಕೆ ಹಸಿರು, 673ಕ್ಕೆ ಕೆಂಪು. ಮೂರನ್ನೂ ಸರಿಯಾಗಿ ಒಂದರ ಮೇಲೊಂದು ಕೂರಿಸುವುದರಲ್ಲೇ ಸಂಜೆಯಾಯಿತು. ಕಂಬಗಳು ಎದ್ದು ನಿಂತಾಗ ಕಾಫಿ ಆರಿದ್ದೂ ಗೊತ್ತಾಗಲಿಲ್ಲ. ಚಿತ್ರವನ್ನು ಮನೆಯವರ ಗುಂಪಿಗೆ ಕಳಿಸಿದೆ. ಸೋದರಮಾವನ ಉತ್ತರ ಕೂಡಲೇ ಬಂತು: ‘ಚೆನ್ನಾಗಿದೆ ಕಣೋ. ಆದರೆ ಬಣ್ಣ ಮಾತ್ರ ನಾಸಾದವರದ್ದೇ ಒರಿಜಿನಲ್ಲು.’