ರವಿಕೆ ಹೊಲಿಗೆ

ರವಿಕೆ ಹೊಲಿಗೆಯು ಸೀರೆಯೊಡನೆ ತೊಡುವ ರವಿಕೆಯನ್ನು ತೊಡುವವರ ಮೈಯಳತೆಗೆ ತಕ್ಕಂತೆ ಕತ್ತರಿಸಿ ಹೊಲಿಯುವ ಕಸುಬು. ಕುಪ್ಪಸ, ಬ್ಲೌಸ್ ಎಂಬವು ರವಿಕೆಯ ಇತರ ಹೆಸರುಗಳು. ಸೀರೆಯು ಹೊಲಿಗೆಯಿಲ್ಲದ ಉಡುಪಾದುದರಿಂದ ಯಾವ ಮೈಕಟ್ಟಿಗಾದರೂ ಒಗ್ಗುತ್ತದೆ. ರವಿಕೆಯಾದರೋ ಮೈಗೆ ಹೊಂದಿ ಕೂರಬೇಕಾದ ಉಡುಪು. ಅರ್ಧ ಅಂಗುಲದ ವ್ಯತ್ಯಾಸವೂ ಅದರಲ್ಲಿ ಎದ್ದು ಕಾಣುತ್ತದೆ. ಈ ಕಾರಣದಿಂದಲೇ ಸಿದ್ಧ ಉಡುಪುಗಳು ಎಲ್ಲೆಡೆ ಹರಡಿದ ಮೇಲೂ ರವಿಕೆಯನ್ನು ಅಳತೆ ಕೊಟ್ಟು ಹೊಲಿಸುವ ರೂಢಿ ಕರ್ನಾಟಕದಲ್ಲಿ ಉಳಿದುಬಂದಿದೆ.

ಹಿನ್ನೆಲೆ

ಉತ್ತರ ಕರ್ನಾಟಕದ ಸಾಂಪ್ರದಾಯಿಕ ಕುಪ್ಪಸವನ್ನು ಮುಂಭಾಗದಲ್ಲಿ ಗಂಟು ಹಾಕಿ ತೊಡುತ್ತಿದ್ದರು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣವು ಇದಕ್ಕೆಂದೇ ಹೆಸರಾದ ಬಟ್ಟೆ. ಕೊಕ್ಕೆ ಹಾಕುವ ಇಂದಿನ ಬಗೆಯ ರವಿಕೆಯು 19ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಭಾರತದಲ್ಲಿ ಬಳಕೆಗೆ ಬಂದಿತು. ಸೀರೆಯೊಡನೆ ರವಿಕೆ ಮತ್ತು ಒಳಲಂಗ ತೊಡುವ ಕ್ರಮವನ್ನು ಬಂಗಾಳದಲ್ಲಿ ಹರಡಿದವರಲ್ಲಿ ಜ್ಞಾನದಾನಂದಿನಿ ದೇವಿ (1850–1941) ಪ್ರಮುಖರು. ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಬಗೆಯ ಹೊಲಿಗೆ ಯಂತ್ರಗಳು ಕಾಲಕ್ರಮದಲ್ಲಿ ಭಾರತಕ್ಕೂ ಬಂದು, ಮನೆಯಲ್ಲಿಯೇ ಕುಳಿತು ಹೊಲಿಯುವ ಕಸುಬಿಗೆ ದಾರಿಯಾದವು.

ಸೋಮನಹಳ್ಳಿ ಪರಿಸರದಲ್ಲಿ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಊರು. ಮದ್ದೂರು ಸೀಮೆಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿದ್ದು, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ದುಡಿಯುತ್ತಾರೆ. ಇಂತಹ ಕಾರ್ಖಾನೆಗಳಲ್ಲಿ ಕೆಲಸವು ಹಂಚಿಹೋಗಿರುತ್ತದೆ. ಒಬ್ಬರು ದಿನವಿಡೀ ತೋಳನ್ನೇ ಕೂಡಿಸಿದರೆ ಮತ್ತೊಬ್ಬರು ಕಾಲರನ್ನೇ ಹೊಲಿಯುತ್ತಾರೆ. ಉಡುಪಿನ ಅಳತೆ ಮೊದಲೇ ಗೊತ್ತಾಗಿರುತ್ತದೆ. ಊರಿನಲ್ಲಿ ರವಿಕೆ ಹೊಲಿಯುವವರ ಕೆಲಸ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಅಳೆಯುವುದು, ಕತ್ತರಿಸುವುದು, ಹೊಲಿಯುವುದು, ತೊಡಿಸಿ ನೋಡುವುದು ಎಲ್ಲವೂ ಒಂದೇ ಕೈಯಲ್ಲಿ ನಡೆಯುತ್ತವೆ. ಎದುರಿಗೆ ಒಂದು ನಿರ್ದಿಷ್ಟ ಮೈ ಇರುತ್ತದೆ. ಮದುವೆಯ ಕಾಲದಲ್ಲಿಯೂ ಗೌರಿ ಹಬ್ಬದ ಮುನ್ನವೂ ಈ ಕೆಲಸಕ್ಕೆ ಬಿಡುವಿರುವುದಿಲ್ಲ. ಮಡಿಲಕ್ಕಿಯೊಡನೆಯೋ ಅರಿಶಿನ ಕುಂಕುಮದೊಡನೆಯೋ ಬಂದ ರವಿಕೆ ಕಣಗಳೂ ಇವರ ಬಳಿಗೇ ಬರುತ್ತವೆ.

ಸಿದ್ಧ ಅಳತೆಯ ಮಿತಿ

ಅಮೆರಿಕದ ಕೃಷಿ ಇಲಾಖೆಯು 1939–40ರಲ್ಲಿ ಸುಮಾರು 15,000 ಮಹಿಳೆಯರ ಮೈಯನ್ನು 59 ಬಗೆಗಳಲ್ಲಿ ಅಳೆಸಿ, ಫಲಿತಾಂಶವನ್ನು 1941ರಲ್ಲಿ ಪ್ರಕಟಿಸಿತು. ಅದರ ಲೆಕ್ಕಕ್ಕೆ ಬಿಳಿಯ ಮಹಿಳೆಯರ ಅಳತೆಗಳನ್ನು ಮಾತ್ರ ತೆಗೆದುಕೊಳ್ಳಲಾಯಿತು. 1958ರಲ್ಲಿ ಆ ದೇಶದಲ್ಲಿ ಹೊರಬಂದ ಮಹಿಳಾ ಉಡುಪುಗಳ ಅಳತೆಯ ಮಾನಕಕ್ಕೆ ಈ ಸಮೀಕ್ಷೆಯೇ ಆಧಾರವಾಯಿತು. ಭಾರತದ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿಯನ್ನು ಸಿದ್ಧಪಡಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು 15ರಿಂದ 65 ವರ್ಷದೊಳಗಿನ ಸ್ತ್ರೀಪುರುಷರನ್ನು ಅಳೆಯುವ ‘ಇಂಡಿಯಾ ಸೈಜ್’ ಯೋಜನೆಯನ್ನು ಕೈಗೊಂಡಿದೆ. ಅಳತೆಪಟ್ಟಿ ಎಷ್ಟೇ ಉತ್ತಮವಾದರೂ ಅದು ಹೇಳುವುದು ಸರಾಸರಿಯನ್ನು. ಸರಾಸರಿಗೆ ಎಲ್ಲ ಅಳತೆಗಳಲ್ಲಿಯೂ ಹೊಂದುವ ಮೈ ವಿರಳ.

ಅಳತೆ ತೆಗೆಯುವ ಕ್ರಮ

ಎದೆ ಸುತ್ತಳತೆಯೊಂದರಿಂದಲೇ ರವಿಕೆಯನ್ನು ಕತ್ತರಿಸುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಇಬ್ಬರು ಮಹಿಳೆಯರ ಎದೆ ಸುತ್ತಳತೆ 38 ಅಂಗುಲವೇ ಇರಬಹುದು. ಆದರೆ ಕಂಕುಳ ಕೆಳಗೆ, ಎದೆಯ ಉಬ್ಬಿಗಿಂತ ಮೇಲೆ ಅಳೆದಾಗ ಒಬ್ಬರಿಗೆ 37, ಇನ್ನೊಬ್ಬರಿಗೆ 34 ಅಂಗುಲ ಬರಬಹುದು. ಮೊದಲನೆಯವರ ಬೆನ್ನು ಅಗಲ. ಎರಡನೆಯವರ ಬೆನ್ನು ಕಿರಿದು, ಎದೆ ತುಂಬಿದ್ದು. 38 ಎಂಬ ಒಂದೇ ಅಂಕಿಯಿಂದ ಕತ್ತರಿಸಿದರೆ ಎರಡನೆಯವರಿಗೆ ಕುತ್ತಿಗೆ ಮತ್ತು ಭುಜ ಸಡಿಲವಾಗಿ ಜಾರುತ್ತವೆ. ಮೇಲೆದೆಯ ಅಳತೆಗೆ ಬೆನ್ನು, ಭುಜಗಳನ್ನು ಕತ್ತರಿಸಿ, ಉಳಿದ ಅಗಲವನ್ನು ಮುಂಭಾಗಕ್ಕೆ ಮಾತ್ರ ಕೊಡುವುದು ಸರಿಯಾದ ಕ್ರಮ.

ಇದರೊಡನೆ ಕೆಳ ಎದೆಯ ಸುತ್ತಳತೆ, ಭುಜದಿಂದ ಎದೆಯ ತುದಿಗಿರುವ ಉದ್ದ, ಎರಡು ತುದಿಗಳ ನಡುವಿನ ಅಂತರ, ಬೆನ್ನಗಲ, ಕಂಕುಳ ಸುತ್ತು, ತೋಳಿನ ಸುತ್ತು ಇವುಗಳನ್ನೂ ಬರೆದುಕೊಳ್ಳಬೇಕು. ಬಟ್ಟೆಯನ್ನು ಚೂಪಾಗಿ ಮಡಿಸಿ ಹೊಲಿದು ಎದೆಯ ಉಬ್ಬಿಗೆ ಎಡೆಮಾಡುವ ಮಡಿಕೆಗೆ ಡಾರ್ಟ್ ಎನ್ನುತ್ತಾರೆ. ಅದರ ಮೊನೆ ಎದೆಯ ತುದಿಗಿಂತ ಅರ್ಧದಿಂದ ಒಂದು ಅಂಗುಲ ಮೊದಲೇ ಮುಗಿಯಬೇಕು. ತುದಿಯನ್ನು ಮುಟ್ಟಿದರೆ ಬಟ್ಟೆ ಅಲ್ಲಿ ಚೂಪಾಗಿ ನಿಲ್ಲುತ್ತದೆ.

ಹಳೆಯ ರವಿಕೆಯೊಂದನ್ನು ‘ಅಳತೆ ರವಿಕೆ’ಯೆಂದು ಕೊಡುವ ಪದ್ಧತಿ ವ್ಯಾಪಕವಾಗಿದೆ. ಮೈ ಮುಟ್ಟಿ ಅಳೆಸಿಕೊಳ್ಳುವ ಸಂಕೋಚ ಇದರಿಂದ ತಪ್ಪುತ್ತದೆ. ಆದರೆ ಹಳೆಯ ರವಿಕೆಯ ದೋಷಗಳು ಹೊಸದಕ್ಕೂ ಬರುತ್ತವೆ. ಜೊತೆಗೆ ಆ ರವಿಕೆ ಹೊಲಿದ ಕಾಲದ ಮೈ ಈಗ ಇಲ್ಲದಿರಬಹುದು. ಹೆರಿಗೆ, ಮುಟ್ಟು ನಿಲ್ಲುವುದು, ಕಾಯಿಲೆ, ವಯಸ್ಸು ಇವು ಮೈಯನ್ನು ಬದಲಿಸುತ್ತವೆ. ಆದುದರಿಂದ ಹೊಸದಾಗಿ ಅಳೆಸುವುದು ಮೇಲು.

ದೋಷ ಮತ್ತು ಪರಿಹಾರ

ರವಿಕೆಯಲ್ಲಿ ಬೀಳುವ ಸುಕ್ಕುಗಳು ದೋಷವಿರುವ ಜಾಗವನ್ನು ತೋರಿಸುತ್ತವೆ.

ಎದೆಯ ಮೇಲೆ ಅಡ್ಡ ಸುಕ್ಕು ಬಿದ್ದು ಕೊಕ್ಕೆಗಳ ನಡುವೆ ಬಾಯಿ ಬಿಟ್ಟರೆ ಮುಂಭಾಗದಲ್ಲಿ ಬಟ್ಟೆ ಸಾಲದೆಂದು ಅರ್ಥ.

ಕೈಯೆತ್ತಿದಾಗ ರವಿಕೆಯೆಲ್ಲ ಮೇಲೇರಿದರೆ ಕಂಕುಳ ಭಾಗ ಅತಿಯಾಗಿ ಕೆಳಕ್ಕೆ ಇಳಿದಿರುತ್ತದೆ. ಕಂಕುಳು ಇಳಿದಷ್ಟೂ ಕೈಯಾಡಲು ಸುಲಭವೆಂಬುದು ತಪ್ಪು ತಿಳಿವಳಿಕೆ. ನಾಟಿ ಹಾಕುವ, ಕಬ್ಬು ಕಡಿಯುವ ಹೆಂಗಸರಿಗೆ ಕಂಕುಳಿಗೆ ಸಮೀಪವಾಗಿ ಕತ್ತರಿಸಿದ ರವಿಕೆಯೇ ಅನುಕೂಲ. ಹಳೆಯ ಕುಪ್ಪಸಗಳಲ್ಲಿ ಕಂಕುಳಿಗೆ ಬೇರೆ ತುಂಡು ಕೂಡಿಸುತ್ತಿದ್ದುದರ ಉದ್ದೇಶವೂ ಕೈಯಾಟದ ಸುಲಭತೆಯೇ.

ಬೆನ್ನು ಬಾಗಿದವರಲ್ಲಿ ರವಿಕೆಯು ಹಿಂದೆ ಮೇಲೇರಿ ಮುಂದೆ ಜೋಲುತ್ತದೆ. ಬೆನ್ನಿನ ಉದ್ದವನ್ನು ಹೆಚ್ಚಿಸಿ ಮುಂಭಾಗದ ಉದ್ದವನ್ನು ಕುಗ್ಗಿಸಬೇಕು.

ಭುಜಗಳಾಗಲಿ ಎದೆಯ ಎರಡು ಪಾರ್ಶ್ವಗಳಾಗಲಿ ಸಮನಾಗಿಲ್ಲದಿರುವುದು ಸಾಮಾನ್ಯ. ಅಂಥಲ್ಲಿ ಎಡಬಲಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಶಸ್ತ್ರಚಿಕಿತ್ಸೆಯಿಂದ ಸ್ತನ ತೆಗೆದವರಿಗೆ ಕುತ್ತಿಗೆಯನ್ನು ತುಸು ಮೇಲಕ್ಕೆ ಇರಿಸಿ, ಮೆತ್ತೆ ಇಟ್ಟುಕೊಳ್ಳಲು ಒಳಗಡೆ ಹತ್ತಿ ಬಟ್ಟೆಯ ಜೇಬು ಹೊಲಿಯಬಹುದು. ಹಾಲೂಡಿಸುವ ತಾಯಂದಿರಿಗೆ ಮುಂದೆ ಕೊಕ್ಕೆಯಿರುವ ರವಿಕೆ ತಕ್ಕುದು.

ಚೆಂದ ಮತ್ತು ಬಾಳಿಕೆ

ತೋಳಿನ ಅಂಚು ಕೊನೆಗೊಳ್ಳುವಲ್ಲಿ ನೋಟ ನಿಲ್ಲುತ್ತದೆ. ಆದುದರಿಂದ ತೋಳಿನ ಅತಿ ದಪ್ಪ ಜಾಗದಲ್ಲಿ ಅಂಚು ಬಾರದಂತೆ ಸ್ವಲ್ಪ ಕೆಳಗೆ ಮುಗಿಸುವುದು ಒಪ್ಪುತ್ತದೆ. ಮುಂದೆಯೂ ಹಿಂದೆಯೂ ಕುತ್ತಿಗೆಯನ್ನು ಆಳವಾಗಿ ಕತ್ತರಿಸಿದರೆ ಭುಜ ಜಾರುವುದರಿಂದ, ಒಂದು ಕಡೆ ಮಾತ್ರ ಆಳವಿಡುವುದು ಒಳ್ಳೆಯದು. ಒಳಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು; ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಅದು ಕುಗ್ಗಿ ರವಿಕೆ ಸೆಳೆದುಕೊಳ್ಳುತ್ತದೆ.

ಪಕ್ಕದ ಹೊಲಿಗೆಯ ಒಳಗೆ ಒಂದರಿಂದ ಒಂದೂವರೆ ಅಂಗುಲ ಬಟ್ಟೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕುವ ವಾಡಿಕೆಯಿದೆ. ಮೈ ತುಂಬಿಕೊಂಡಂತೆ ಒಂದೊಂದೇ ಸಾಲನ್ನು ಬಿಚ್ಚಿದರೆ ಅದೇ ರವಿಕೆ ಹಲವು ವರ್ಷ ಬರುತ್ತದೆ. ಮೈ ಬದಲಾಗುವುದು ಸಹಜ, ಉಡುಪೇ ಅದಕ್ಕೆ ಹೊಂದಿಕೊಳ್ಳಬೇಕು ಎಂಬ ತಿಳಿವಳಿಕೆ ಈ ವಾಡಿಕೆಯ ಹಿಂದಿದೆ. ರವಿಕೆ ಬಿಗಿಯಾದಾಗ ತಿದ್ದಬೇಕಾದುದು ಹೊಲಿಗೆಯನ್ನೇ ಹೊರತು ಮೈಯನ್ನಲ್ಲ.