ನಾಲ್ಕುನೂರು ಆಟದ ಡಬ್ಬಿಯಲ್ಲಿ ನನಗೆ ಸೇರಿದ ಐದು

ನಮ್ಮ ಮನೆಯಲ್ಲಿ ಒಂದು ವಿಡಿಯೋ ಗೇಮ್ ಡಬ್ಬಿ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಮೂರು ಇಂಚಿನ ಪರದೆ, ಎಡಗಡೆ ಕೂಡಿಸುವ ಚಿಹ್ನೆಯ ಆಕಾರದ ಗುಂಡಿ, ಬಲಗಡೆ ಎ ಮತ್ತು ಬಿ ಗುಂಡಿ. ಮೇಲೆ '400 ಇನ್ 1' ಎಂದು ಬರೆದಿದೆ. ನಿಪ್ಪಾಣಿಯ ಉರುಸಿನಲ್ಲಿ ಆಟಿಕೆ ಅಂಗಡಿಯವನು 500 ರೂಪಾಯಿ ಹೇಳಿದ. ಮಾಮು ಚೌಕಾಶಿ ಮಾಡಿ 420ಕ್ಕೆ ಇಳಿಸಿದರು. ದುಡ್ಡು ನನ್ನ ಈದಿಯದು.

ತರಗತಿಯಲ್ಲಿ ಗೆಳೆಯರು ನಗುತ್ತಾರೆ. 'ಫೋನಿನಲ್ಲಿ ಇಷ್ಟು ಚೆಂದದ ಆಟ ಪುಕ್ಕಟೆ ಇರುವಾಗ ಈ ಹಳೇ ಡಬ್ಬಿ ಯಾಕೆ?' ಎನ್ನುತ್ತಾರೆ. ಆ 'ಪುಕ್ಕಟೆ' ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಅಮ್ಮಿಯ ಫೋನಿನಲ್ಲಿ ಒಂದು ಪುಕ್ಕಟೆ ಆಟ ಆಡುತ್ತಿದ್ದೆ. ಹೆಸರು ಬೇಡ. ಜೀವ ಮುಗಿದರೆ ಮೂರು ತಾಸು ಕಾಯಬೇಕು, ಇಲ್ಲದಿದ್ದರೆ 29 ರೂಪಾಯಿ ಕೊಡಬೇಕು. ಮನೆಯ ರೀಚಾರ್ಜ್, ಕರೆಂಟ್ ಬಿಲ್ ಎಲ್ಲ ಮಾಡುವವರು ನಾವೇ ಮಕ್ಕಳು. ಆದ್ದರಿಂದ ಯುಪಿಐ ಪಿನ್ ನನಗೆ ಗೊತ್ತಿತ್ತು. ಎರಡು ತಿಂಗಳಲ್ಲಿ 60 ಸಲ 29 ರೂಪಾಯಿ ಕೊಟ್ಟಿದ್ದೆ. ಒಟ್ಟು 1,740.

ಅಮ್ಮಿ ಬೀಡಿ ಕಟ್ಟುತ್ತಾರೆ. ಆ ಖಾತೆಯಲ್ಲಿದ್ದದ್ದು ಅವರ ಮಜೂರಿ. ಆಪಾಳ ಫೀ ಕಟ್ಟಲು ಬ್ಯಾಂಕಿಗೆ ಹೋದಾಗ ಹಣ ಕಡಿಮೆ ಬಿತ್ತು. ಪಾಸ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಬೈಯಲಿಲ್ಲ. 'ಇಷ್ಟು ದುಡ್ಡಿಗೆ ಏನು ಬಂತು ಬೇಟಾ, ತೋರಿಸು' ಎಂದರು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಆಟವನ್ನು ಆಗಲೇ ಫೋನಿನಿಂದ ತೆಗೆದಿದ್ದೆ.

ಕಾಲೇಜಿಗೆ ಬಂದ ಮೇಲೆ ಅಕೌಂಟೆನ್ಸಿ ತರಗತಿಯಲ್ಲಿ ಬಂಡವಾಳ ವೆಚ್ಚ ಮತ್ತು ರಾಜಸ್ವ ವೆಚ್ಚದ ವ್ಯತ್ಯಾಸ ಕಲಿತೆವು. ಯಂತ್ರ ಕೊಂಡರೆ ಅದು ಆಸ್ತಿಯಾಗಿ ಲೆಕ್ಕಪತ್ರದಲ್ಲಿ ನಿಲ್ಲುತ್ತದೆ. ದಿನದ ಖರ್ಚು ಅಂದೇ ಮುಗಿಯುತ್ತದೆ. ಅಮ್ಮಿ ಕೇಳಿದ್ದು ಇದೇ ಪ್ರಶ್ನೆ ಎಂದು ಆಗ ತಿಳಿಯಿತು.

ಆಟಕ್ಕೆ ದುಡ್ಡು ಯಾವಾಗ ಬರುತ್ತದೆ?

ಯಾವುದೇ ಆಟ ಹಣವನ್ನು ಯಾವ ಹೊತ್ತಿಗೆ ಪಡೆಯುತ್ತದೆ ಎಂದು ನೋಡಿದರೆ ಆ ಆಟ ಹಾಗೆ ಏಕಿದೆ ಎಂಬುದು ಅರ್ಧ ತಿಳಿಯುತ್ತದೆ. ಇದರಲ್ಲಿ ಮೂರು ಬಗೆ ಇವೆ.

ಮೊದಲನೆಯದು ನಾಣ್ಯದ ಯಂತ್ರ. 1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಮಾಡಿದರು. ಒಂದು ನಾಣ್ಯಕ್ಕೆ ಒಂದು ಆಟ. ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗವಾಗಿ ಬರುತ್ತಾರೆ. ಯಂತ್ರಕ್ಕೆ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಅದು ಬೇಗ ಕೆಲಸ ಮಾಡುತ್ತಿತ್ತು. ಅದರಿಂದ ತಾನಾಗಿ ಬಂದ ವೇಗವನ್ನು ಅವರು ಹಾಗೆಯೇ ಇಟ್ಟುಕೊಂಡರು. ಆಟ ಬೇಗ ಮುಗಿದರೆ ಯಂತ್ರದ ಮಾಲೀಕನಿಗೆ ಲಾಭ, ಏಕೆಂದರೆ ಹಿಂದೆ ಇನ್ನೊಬ್ಬ ನಾಣ್ಯ ಹಿಡಿದು ನಿಂತಿರುತ್ತಾನೆ.

ಎರಡನೆಯದು ಮನೆಯ ಕ್ಯಾಸೆಟ್. 1983ರ ಜುಲೈನಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. ನಮ್ಮ ಡಬ್ಬಿಯಲ್ಲಿರುವುದು ಹೆಚ್ಚಾಗಿ ಆ ಯಂತ್ರದ ಆಟಗಳೇ. ಇಲ್ಲಿ ಕೊಳ್ಳುವಾಗಲೇ ಹಣ ಮುಗಿಯಿತು. ಆಮೇಲೆ ಹತ್ತು ನಿಮಿಷ ಆಡಿದರೂ ಹತ್ತು ವರ್ಷ ಆಡಿದರೂ ಕಂಪನಿ ಮತ್ತೆ ಕೇಳುವುದಿಲ್ಲ. ಕೊಂಡವರು ತೃಪ್ತರಾದರೆ ಮುಂದಿನ ಕ್ಯಾಸೆಟ್ ಮಾರಾಟವಾಗುತ್ತದೆ, ಅಷ್ಟೇ.

ಮೂರನೆಯದು ಈಗಿನ ಪುಕ್ಕಟೆ ಆಟ. ಇದು ಆಟದ ನಡುವೆ ಕೇಳುತ್ತದೆ. ನೀವು ಸುಲಭವಾಗಿ ಗೆದ್ದರೆ ಅದಕ್ಕೆ ಹಣ ಬರುವುದಿಲ್ಲ, ಪೂರ್ತಿ ಸೋತು ಬಿಟ್ಟರೂ ಬರುವುದಿಲ್ಲ. ಗೆಲುವಿನ ಹತ್ತಿರ ನಿಮ್ಮನ್ನು ತಡೆದು ನಿಲ್ಲಿಸಿದರೆ ಬರುತ್ತದೆ. ಬೆಲೆಯನ್ನೂ ಎಷ್ಟೋ ಸಲ ರೂಪಾಯಿಯಲ್ಲಿ ಹೇಳದೆ ಹರಳು, ಕಾಯಿನ್ ಎಂದು ಹೇಳುತ್ತದೆ. 100 ಹರಳು ಕೊಂಡು 80 ಖರ್ಚಾದರೆ 20 ಉಳಿಯುತ್ತದೆ. ಆ 20 ವ್ಯರ್ಥವಾಗಬಾರದೆಂದು ಮತ್ತೆ 100 ಕೊಳ್ಳುತ್ತೇವೆ.

ಇದು ಹಣ ಕಟ್ಟಿ ಹಣ ಗೆಲ್ಲುವ ಜೂಜಿನಂಥ ಆಟದ ಮಾತಲ್ಲ. ಅಂಥ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ನಾನು ಆಡಿದ್ದರಲ್ಲಿ ಗೆಲ್ಲಲು ಹಣವೇ ಇರಲಿಲ್ಲ, ಕಳೆಯಲು ಮಾತ್ರ ಇತ್ತು.

ಈಗ ನನ್ನ ಐದು ಆಟಗಳು.

1. ಟ್ಯಾಂಕ್

ಇದರ ನಿಜವಾದ ಹೆಸರು 'ಬ್ಯಾಟಲ್ ಸಿಟಿ'. ನ್ಯಾಮ್ಕೊ ಕಂಪನಿ 1985ರಲ್ಲಿ ತಂದದ್ದು. ಕೆಳಗೆ ಇಟ್ಟಿಗೆಯ ಗೋಡೆಯ ನಡುವೆ ಒಂದು ಹಕ್ಕಿ ಇರುತ್ತದೆ. ಪ್ರತಿ ಹಂತದಲ್ಲಿ 20 ಶತ್ರು ಟ್ಯಾಂಕ್‌ಗಳು ಬರುತ್ತವೆ. ಅವನ್ನು ಹೊಡೆದು ಹಕ್ಕಿಯನ್ನು ಕಾಯಬೇಕು. ಡಬ್ಬಿಯ ಜೊತೆ ಬಂದ ವೈರನ್ನು ಟಿವಿಗೆ ಹಾಕಿ, ಇನ್ನೊಂದು ರಿಮೋಟ್ ಜೋಡಿಸಿದರೆ ಇಬ್ಬರು ಆಡಬಹುದು.

ಇದರಲ್ಲಿ ಎರಡು ನಿಯಮ ನನಗೆ ಇಷ್ಟ. ಜೊತೆಗಾರನಿಗೆ ನಮ್ಮ ಗುಂಡು ತಗುಲಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲುತ್ತಾನೆ. ನಮ್ಮದೇ ಗುಂಡು ಹಕ್ಕಿಗೆ ತಗುಲಿದರೂ ಆಟ ಮುಗಿಯುತ್ತದೆ. ನನ್ನ ತಮ್ಮ ಮೊದಲ ವಾರ ಹಕ್ಕಿಯನ್ನು ತಾನೇ ಹೊಡೆಯುತ್ತಿದ್ದ. ಈಗ ಅವನು ಎಡಗಡೆ ಕಾಯುತ್ತಾನೆ, ನಾನು ಬಲಗಡೆ. ಪಾಲುದಾರಿಕೆಯ ಪಾಠ ಓದುವಾಗ ನನಗೆ ಇದೇ ನೆನಪಾಗುತ್ತದೆ. ಒಬ್ಬ ಪಾಲುದಾರನ ತಪ್ಪಿಗೆ ಇಬ್ಬರೂ ಹೊಣೆ.

2. ರೋಡ್ ಫೈಟರ್

ಕೊನಾಮಿ ಕಂಪನಿಯ 1984ರ ಕಾರಿನ ಆಟ. ಇಲ್ಲಿ ಜೀವಗಳ ಲೆಕ್ಕವಿಲ್ಲ, ಇಂಧನದ ಲೆಕ್ಕ ಇದೆ. ಓಡಿದಂತೆ ಇಂಧನ ಇಳಿಯುತ್ತದೆ, ಡಿಕ್ಕಿ ಹೊಡೆದರೆ ಇನ್ನಷ್ಟು ಹೋಗುತ್ತದೆ. ಬಣ್ಣಬಣ್ಣದ ಕಾರನ್ನು ಮುಟ್ಟಿದರೆ ಸ್ವಲ್ಪ ಸಿಗುತ್ತದೆ. ಅದರ ಹಿಂದೆ ಬಿದ್ದು ಪಕ್ಕದ ಕಾರಿಗೆ ಗುದ್ದಿದರೆ ಸಿಕ್ಕಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಅಂಗಡಿ ನಡೆಸುವವರು ದುಡಿಯುವ ಬಂಡವಾಳ ಎನ್ನುವುದು ಇದಕ್ಕೇ. ವ್ಯಾಪಾರ ಜೋರಾಗಿದ್ದರೂ ಕೈಯಲ್ಲಿ ನಗದು ಮುಗಿದರೆ ಗಾಡಿ ನಿಲ್ಲುತ್ತದೆ.

3. ಟೆಟ್ರಿಸ್

1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೊವ್ ಎಂಬ ಕಂಪ್ಯೂಟರ್ ತಜ್ಞರು ಮಾಡಿದ ಆಟ. ನಾಲ್ಕು ನಾಲ್ಕು ಚೌಕ ಸೇರಿ ಆದ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ಸಂದಿಲ್ಲದೆ ಜೋಡಿಸಿದರೆ ಸಾಲು ಮಾಯವಾಗುತ್ತದೆ. 1989ರಲ್ಲಿ ನಿಂಟೆಂಡೊ 'ಗೇಮ್ ಬಾಯ್' ಎಂಬ ಕೈಯಲ್ಲಿ ಹಿಡಿಯುವ ಯಂತ್ರ ತಂದು, ಅಮೆರಿಕದಲ್ಲಿ ಇದನ್ನು ಅದರ ಜೊತೆಗೇ ಕೊಟ್ಟಿತು. ಗೇಮ್ ಬಾಯ್ ಪರದೆಗೆ ಬಣ್ಣವೇ ಇರಲಿಲ್ಲ. ಅದನ್ನು ರೂಪಿಸಿದ ಗುನ್‌ಪೇ ಯೊಕೊಯ್ ಹಳೆಯದಾಗಿ ಅಗ್ಗವಾದ ಭಾಗಗಳನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎನ್ನುತ್ತಿದ್ದರು. ನಮ್ಮ ಡಬ್ಬಿಯ ಎಡಗಡೆ ಇರುವ ಕೂಡಿಸುವ ಚಿಹ್ನೆಯ ಗುಂಡಿಯೂ ಅವರದೇ ಕಲ್ಪನೆ.

ನಿಂಟೆಂಡೊದ ಟೆಟ್ರಿಸ್‌ನಲ್ಲಿ ಆರಂಭದ ಹಂತದ ಅಂಕ ಹೀಗಿದೆ: ಒಂದು ಸಾಲಿಗೆ 40, ಒಟ್ಟಿಗೆ ಎರಡಕ್ಕೆ 100, ಮೂರಕ್ಕೆ 300, ನಾಲ್ಕಕ್ಕೆ 1,200. ನಾಲ್ಕು ಸಾಲನ್ನು ಒಂದೊಂದಾಗಿ ತೆಗೆದರೆ 160 ಮಾತ್ರ. ಒಟ್ಟಿಗೆ ತೆಗೆದರೆ ಅದರ ಏಳೂವರೆ ಪಟ್ಟು. ಆದರೆ ಅದಕ್ಕಾಗಿ ಉದ್ದನೆಯ ಕೋಲು ಬರುವವರೆಗೆ ಕಾಯಬೇಕು, ಅಷ್ಟರಲ್ಲಿ ಗೋಡೆ ಮೇಲಕ್ಕೆ ಬರುತ್ತಿರುತ್ತದೆ. ಲಾಭ ಹೆಚ್ಚಾದಲ್ಲಿ ಅಪಾಯವೂ ಹೆಚ್ಚು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ತೋರಿಸಿಲ್ಲ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಈ ಆಟವೇ ಸ್ತಬ್ಧವಾಗಿ ನಿಲ್ಲುವವರೆಗೆ ಆಡಿದ.

ನಮ್ಮ ಮನೆಯಲ್ಲಿ ಟೆಟ್ರಿಸ್‌ನಲ್ಲಿ ಮುಂದೆ ಇರುವವರು ಅಮ್ಮಿ. ಮೊದಲು 'ನನಗೆ ಬೇಡ' ಎಂದರು. ಒಮ್ಮೆ ಕೈಗೆ ಕೊಟ್ಟ ಮೇಲೆ ತುಂಡು ಕೆಳಗೆ ಬರುವ ಮೊದಲೇ ಅದು ಎಲ್ಲಿ ಕೂರುತ್ತದೆ ಎಂದು ಹೇಳಿಬಿಟ್ಟರು. ಬೀಡಿ ಎಲೆಯ ಮೇಲೆ ಅಳತೆಯ ತಗಡು ಇಟ್ಟು, ಎಲೆ ಹಾಳಾಗದಂತೆ ಕತ್ತರಿಸುವುದು ಅವರ ದಿನದ ಕೆಲಸ.

4. ಪ್ಯಾಕ್‌ಮ್ಯಾನ್

1980ರ ನಾಣ್ಯದ ಯಂತ್ರದ ಆಟ, ಮಾಡಿದವರು ನ್ಯಾಮ್ಕೊದ ತೊರು ಇವಾತಾನಿ. ಸುತ್ತು ದಾರಿಯಲ್ಲಿ ಚುಕ್ಕಿ ತಿನ್ನುತ್ತ ನಾಲ್ಕು ಭೂತಗಳಿಂದ ತಪ್ಪಿಸಿಕೊಳ್ಳಬೇಕು. ನಾಲ್ಕೂ ಸುಮ್ಮನೆ ಓಡುವುದಿಲ್ಲ. ಕೆಂಪು ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿ ನಾವು ಹೋಗುತ್ತಿರುವ ದಿಕ್ಕಿನಲ್ಲಿ ಮುಂದೆ ಹೋಗಿ ಅಡ್ಡ ಹಾಕಲು ನೋಡುತ್ತದೆ. ನೀಲಿ ನಾವು ಇರುವ ಜಾಗ, ಕೆಂಪು ಇರುವ ಜಾಗ ಎರಡನ್ನೂ ನೋಡಿ ದಾರಿ ಹಿಡಿಯುತ್ತದೆ. ಕಿತ್ತಳೆ ಹತ್ತಿರ ಬಂದಾಗ ತಾನೇ ಹಿಂದೆ ಸರಿಯುತ್ತದೆ. ಇದು ತಿಳಿಯುವವರೆಗೆ ನನಗೆ ಇದು ಅದೃಷ್ಟದ ಆಟ ಎನಿಸಿತ್ತು. ನಿಯಮ ತಿಳಿದ ಮೇಲೆ ಓಡುವುದಕ್ಕಿಂತ ಯೋಚಿಸುವುದು ಹೆಚ್ಚಾಯಿತು. ಫೋನಿನ ಆಟದಲ್ಲಿ ನಾನು ಎಲ್ಲಿ ಸೋಲುತ್ತೇನೆ ಎಂಬ ನಿಯಮ ನನಗೆ ಎಂದೂ ಕಾಣಲಿಲ್ಲ.

5. ಮಾರಿಯೊ

'ಸೂಪರ್ ಮಾರಿಯೊ ಬ್ರದರ್ಸ್', 1985. ಶಿಗೆರು ಮಿಯಾಮೊಟೊ ಅವರ ತಂಡದ ಕೆಲಸ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32. ಇಡೀ ಆಟ ಹಿಡಿಸಿದ್ದು 40 ಕಿಲೋಬೈಟ್‌ನಲ್ಲಿ. ಫೋನಿನಲ್ಲಿ ತೆಗೆದ 2 ಎಂಬಿಯ ಒಂದು ಫೋಟೊದ ಜಾಗದಲ್ಲಿ ಸುಮಾರು 50 ಮಾರಿಯೊ ಹಿಡಿಸುತ್ತವೆ. ಜಾಗ ಉಳಿಸಲು ಆಕಾಶದ ಮೋಡ ಮತ್ತು ನೆಲದ ಪೊದೆಗೆ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಇಂದು ಆಡುವಾಗ ನೋಡಿ.

ಈ ಆಟದಲ್ಲೂ ಕಾಯಿನ್ ಇವೆ, ಜೀವ ಇದೆ. ಇಲ್ಲಿ ನೆಗೆದು, ಗೋಡೆಗೆ ತಲೆ ಗುದ್ದಿ 100 ಕಾಯಿನ್ ಕೂಡಿಸಿದರೆ ಒಂದು ಜೀವ ಸಿಗುತ್ತದೆ. ಫೋನಿನ ಆಟದಲ್ಲಿ 29 ರೂಪಾಯಿಗೆ ಸಿಗುತ್ತಿತ್ತು. ಒಂದನ್ನು ನಾನು ಗಳಿಸಿದೆ, ಇನ್ನೊಂದಕ್ಕೆ ಅಮ್ಮಿ ಕೂಲಿ ಮಾಡಿದರು.

ಡಬ್ಬಿಯ ತಪ್ಪುಗಳೂ ಇವೆ

ಹೊಗಳಿಯೇ ಮುಗಿಸಿದರೆ ಲೆಕ್ಕ ಸರಿಯಾಗುವುದಿಲ್ಲ. 400 ಆಟ ಎಂಬುದು ನಿಜವಲ್ಲ. ತಮ್ಮ ಮತ್ತು ನಾನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆವು. ಅದೇ ಆಟ ಬೇರೆ ಹೆಸರಿನಲ್ಲಿ, ಬೇರೆ ಹಂತದಿಂದ ಮತ್ತೆ ಮತ್ತೆ ಬರುತ್ತದೆ. ನಿಜವಾಗಿ ಬೇರೆ ಎನ್ನಬಹುದಾದವು ನಮ್ಮ ಎಣಿಕೆಗೆ 170ರ ಹತ್ತಿರ. ಕೊಳ್ಳುವವನೇ ಎಚ್ಚರವಾಗಿರಬೇಕು ಎಂದು ಪುಸ್ತಕದಲ್ಲಿ ಓದಿದ್ದು ಇಂಥದ್ದಕ್ಕೇ.

ಇನ್ನೊಂದು ಇದಕ್ಕಿಂತ ದೊಡ್ಡದು. ಅಗ್ಗದ ಇಂಥ ಡಬ್ಬಿಗಳ ಆಟಗಳು ಸಾಮಾನ್ಯವಾಗಿ ಅನುಮತಿ ಇಲ್ಲದೆ ನಕಲು ಮಾಡಿದವು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕದಲ್ಲೇ ಬರುತ್ತದೆ. ಆಟ ಹಳೆಯದಾದ ಮಾತ್ರಕ್ಕೆ ಯಾರದೂ ಅಲ್ಲ ಎಂದಾಗುವುದಿಲ್ಲ. ಟೆಟ್ರಿಸ್ ಮಾಡಿದ ಪಾಜಿಟ್ನೊವ್ ಅವರಿಗೇ 1996ರವರೆಗೆ ಅದರ ರಾಯಲ್ಟಿ ಸಿಗಲಿಲ್ಲ, ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿತ್ತು. ನನ್ನ 420 ರೂಪಾಯಿಯಲ್ಲಿ ಇವರಲ್ಲಿ ಯಾರಿಗೂ ಒಂದು ಪೈಸೆ ಹೋಗಿರಲಿಕ್ಕಿಲ್ಲ. ಕೊಳ್ಳುವಾಗ ನನಗೆ ಇದು ಗೊತ್ತಿರಲಿಲ್ಲ, ಈಗ ಗೊತ್ತು. ಅನುಮತಿ ಪಡೆದು ಹಳೆ ಆಟ ಮಾರುವ ಎವರ್‌ಕೇಡ್‌ನಂಥ ಯಂತ್ರಗಳೂ ಇವೆ, ಬೆಲೆ ಸಾವಿರಗಳಲ್ಲಿ. ದುಡಿಯಲು ಶುರು ಮಾಡಿದ ಮೇಲೆ ಆ ಬೆಲೆ ಕೊಡಬೇಕು ಎಂದುಕೊಂಡಿದ್ದೇನೆ.

ಡಬ್ಬಿ ಇದ್ದವರಿಗೆ ಒಂದು ಉಪಯೋಗದ ಮಾತು: ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಡಬ್ಬಿ ಎಸೆಯಬೇಡಿ. ಹಿಂದಿನ ಮುಚ್ಚಳ ತೆಗೆದು ನೋಡಿ. ನಮ್ಮದರಲ್ಲಿ ಇರುವುದು ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ ಬ್ಯಾಟರಿ. ದಾದಿಯ ಹಳೆ ಫೋನಿನದನ್ನು ಹಾಕಿದೆ, ನಡೆಯಿತು. ಅಥಣಿಯ ನಾನಿ ಮನೆಗೆ ಚಿಕ್ಕೋಡಿ ಮೇಲೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಸಾಕಾಗುತ್ತದೆ. ನೆಟ್‌ವರ್ಕ್ ಬೇಡ, ಜಾಹೀರಾತು ಬರುವುದಿಲ್ಲ.

ಫೋನಿನಲ್ಲಿ ಆಡಲೇಬೇಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಒಮ್ಮೊಮ್ಮೆ ಆಡುತ್ತೇನೆ. ಆಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಆಟ ಹಣವನ್ನು ಯಾವಾಗ ಕೇಳುತ್ತದೆ? ಬೆಲೆಯನ್ನು ರೂಪಾಯಿಯಲ್ಲಿ ಹೇಳುತ್ತದೆಯೇ? ಯಾರ ಖಾತೆಯಿಂದ ಹೋಗುತ್ತದೆ? ಮನೆಯವರ ಪಿನ್ ನಿಮಗೆ ಗೊತ್ತಿದ್ದರೆ ಮೂರನೆಯ ಪ್ರಶ್ನೆಯನ್ನು ಎರಡು ಸಲ ಕೇಳಿಕೊಳ್ಳಿ.

ನಾನು ಒಂದು ಸಣ್ಣ ಪುಸ್ತಕದಲ್ಲಿ ಅಮ್ಮಿಯ ಹೆಸರಿನ ಖಾತೆ ಬರೆದಿಟ್ಟಿದ್ದೇನೆ. ರಜೆಯಲ್ಲಿ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದು ಬಂದ ಹಣದಿಂದ 1,100 ರೂಪಾಯಿ ವಾಪಸ್ ಕೊಟ್ಟಿದ್ದೇನೆ. 640 ಬಾಕಿ ಇದೆ. 'ಬಿಡು, ಸಾಕು' ಎಂದು ಅಮ್ಮಿ ಎರಡು ಸಲ ಹೇಳಿದ್ದಾರೆ. ಖಾತೆ ಇನ್ನೂ ಮುಚ್ಚಿಲ್ಲ.