ಎಣ್ಣೆಗಿಂತ ಮೊದಲು ಕಾರಣ ಹುಡುಕೋಣ



ನಮ್ಮ ಜತ್ತ ತಾಲೂಕಿನ ಪೇಟೆಗಳಲ್ಲಿ ಕೂದಲೆಣ್ಣೆಗೆ ಗಿರಾಕಿ ಎಂದೂ ಕಡಿಮೆಯಿಲ್ಲ. ಮಾರುವವರೂ ನಾವೇ, ಕೊಳ್ಳುವವರೂ ನಮ್ಮ ಮನೆಯವರೇ. ಮದುವೆಗೆ ಬಂದ ಮಗಳ ಜಡೆ ಸಣ್ಣದಾದರೆ ತಾಯಿಗೆ ಊಟ ಸೇರದು. ಖಾತೆಯಲ್ಲಿ ನಷ್ಟ ಕಂಡರೆ ಸೋರಿಕೆ ಎಲ್ಲಿದೆ ಎಂದು ಹುಡುಕುವ ನಾವು, ಕೂದಲಿನ ವಿಷಯದಲ್ಲಿ ಮಾತ್ರ ಹುಡುಕದೆ ಹಣ ಸುರಿಯುತ್ತೇವೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಪ್ರತಿ ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ ಬೀಳುತ್ತದೆ; ಅದೇ ಬೇರಿನಿಂದ ಹೊಸದು ಹುಟ್ಟುತ್ತದೆ. ಮುನಿಗಳು 2ರಿಂದ 4 ತಿಂಗಳಿಗೊಮ್ಮೆ ಕೇಶಲೋಚ ಮಾಡಿದರೂ ಕೂದಲು ಮತ್ತೆ ಬರುವುದನ್ನು ನಾವೆಲ್ಲ ಕಂಡಿದ್ದೇವೆ.

ಉದುರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಗಂಡಸರ ಹಣೆ, ನೆತ್ತಿ ವರ್ಷಗಟ್ಟಲೆ ನಿಧಾನವಾಗಿ ಬೋಳಾಗುವುದು ವಂಶದಿಂದ ಬರುತ್ತದೆ. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರಬಹುದು. ಇದಕ್ಕೆ ಮಿನಾಕ್ಸಿಡಿಲ್ ಎಂಬ ಔಷಧಿಯುಂಟು. ರಕ್ತದೊತ್ತಡಕ್ಕಾಗಿ ಹುಟ್ಟಿದ ಇದಕ್ಕೆ 1988ರಲ್ಲಿ ಅಮೆರಿಕದಲ್ಲಿ ಕೂದಲಿಗೂ ಒಪ್ಪಿಗೆ ಸಿಕ್ಕಿತು. ತಿಂಗಳುಗಟ್ಟಲೆ ಹಚ್ಚಬೇಕು, ಬಿಟ್ಟರೆ ಲಾಭ ಹೋಗುತ್ತದೆ.

ಎರಡನೆಯದು ಇಡೀ ತಲೆಯಿಂದ ಒಮ್ಮೆಲೇ ಉದುರುವುದು. ಜೋರಾದ ಜ್ವರ, ಹೆರಿಗೆ, ದೀರ್ಘ ಉಪವಾಸ, ದೊಡ್ಡ ಚಿಂತೆ ಇವುಗಳಾದ 2-3 ತಿಂಗಳ ನಂತರ ಇದು ಕಾಣುತ್ತದೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರಿಗೆ ಕಾರ್ತಿಕ ಮಾರ್ಗಶಿರದಲ್ಲಿ ಬಾಚಣಿಗೆ ತುಂಬ ಕೂದಲು ಬಂದರೆ ಗಾಬರಿ ಬೇಡ. ಸಾಮಾನ್ಯವಾಗಿ 6 ತಿಂಗಳೊಳಗೆ ಉದುರುವುದು ನಿಲ್ಲುತ್ತದೆ, ಕೂದಲು ಮರಳಿ ಬರುತ್ತದೆ. ಪಾರಣೆಯ ನಂತರ ಊಟ ಗಟ್ಟಿಯಾಗಿರಲಿ.

ಆದರೆ ನಿಲ್ಲದಿದ್ದರೆ? ಆಗ ಕೂದಲು ರಕ್ತದ ಸುದ್ದಿ ಹೇಳುತ್ತಿರಬಹುದು. ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡ್ ದೋಷ ಎರಡೂ ಕೂದಲು ಉದುರಿಸುತ್ತವೆ. ಮಗಳಿಗೆ ಆಯಾಸ, ಏದುಸಿರು, ಮುಖ ಬಿಳಿಚಿದ್ದರೆ ಎಣ್ಣೆಯ ಬಾಟಲಿ ಬದಿಗಿಟ್ಟು ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ತಪಾಸಣೆ ಮಾಡಿಸಿರಿ. ಶಾಕಾಹಾರಿಗಳಾದ ನಮಗೆ ಬಿ-12 ಹಾಲು ಮೊಸರಿನಿಂದಲೇ ಬರಬೇಕು, ಅದನ್ನೂ ನೋಡಿಸಿರಿ. ಮಡಿಕೆ, ಹೆಸರು, ಕಡಲೆ, ಎಳ್ಳು ದಿನವೂ ಇರಲಿ. ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಊಟದೊಡನೆ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಕಾರಣ ಹುಡುಕುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2025ರ ಜನವರಿಯಲ್ಲಿ ಬುಲಢಾಣಾ ಜಿಲ್ಲೆಯ ಶೇಗಾವ ತಾಲೂಕಿನ ಹಳ್ಳಿಗಳಲ್ಲಿ ನೂರಾರು ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿತು. ಮೊದಲು ನೀರಿನ ಮೇಲೆ, ಶಾಂಪೂ ಮೇಲೆ ಸಂಶಯ. ನಂತರ ರೋಗಿಗಳ ರಕ್ತದಲ್ಲಿ ಸೆಲೆನಿಯಂ ಹೆಚ್ಚಿರುವುದು ಕಂಡಿತು. ರೇಶನ್ ಗೋಧಿಯಿಂದ ಬಂದಿದೆ ಎಂದು ಡಾ. ಹಿಮ್ಮತರಾವ ಬಾವಸ್ಕರ ಹೇಳಿದರು. ಯಾವ ಎಣ್ಣೆ ಇದನ್ನು ತಡೆದೀತು? ಕೂದಲಿನ ಮಾತ್ರೆಗಳಲ್ಲಿಯೂ ಸೆಲೆನಿಯಂ, ವಿಟಮಿನ್ ಎ ಇರುತ್ತವೆ. ಮಿತಿಮೀರಿದರೆ ಅವೇ ಕೂದಲು ಉದುರಿಸುತ್ತವೆ. ಕ್ಯಾಪ್ಸೂಲಿನ ಹೊದಿಕೆ ಬಹುಮಟ್ಟಿಗೆ ಪ್ರಾಣಿಜನ್ಯ ಜೆಲಟಿನ್; ಕೇಳಿ ಕೊಳ್ಳಿರಿ.

ದುಂಡಗೆ ಬೋಳಾದರೆ, ಕೀವು ತುರಿಕೆ ಇದ್ದರೆ ವಿಜಯಪುರಕ್ಕೋ ಮಿರಜಕ್ಕೋ ಹೋಗಿ ಚರ್ಮವೈದ್ಯರಿಗೆ ತೋರಿಸಿರಿ. ಮಕ್ಕಳ ತಲೆಯ ಹುಳುಕಡ್ಡಿಗೆ ಹೊಟ್ಟೆಗೇ ಔಷಧಿ ಬೇಕು.

ಎಣ್ಣೆ ಹಚ್ಚುವುದು ತಪ್ಪಲ್ಲ, ಕೂದಲು ಮೃದುವಾಗುತ್ತದೆ. ಆದರೆ ನಾಲ್ಕು ಬಾಟಲಿಯ ದುಡ್ಡಿನಲ್ಲಿ ಒಂದು ರಕ್ತತಪಾಸಣೆಯಾದೀತು. ಮಗಳ ಜಡೆಗಿಂತ ಮಗಳ ಆರೋಗ್ಯ ದೊಡ್ಡದು.